ಆಟಕ್ಕುಂಟು, ಲೆಕ್ಕಕ್ಕಿಲ್ಲ

ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ ಕಲ್ಮಲದಂಥ ಊರುಗಳಲ್ಲಿ ಹುಡುಗರು ಕ್ರಿಕೆಟ್ ಆಡುವುದನ್ನು ನೋಡದವರಿಲ್ಲ. ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತ ಬಂದಾಗ ಕೊನೆಗೆ ಒಬ್ಬ ಉಳಿದುಬಿಡುತ್ತಾನೆ. ಸಾಮಾನ್ಯವಾಗಿ ಅವನು ಯಾರದೋ ತಮ್ಮ. ಮನೆಗೆ ಕಳಿಸಿದರೆ ಅಳುತ್ತಾನೆ. ಸೇರಿಸಿಕೊಂಡರೆ ಎರಡು ಕಡೆಯ ಲೆಕ್ಕ ಸರಿಹೋಗುವುದಿಲ್ಲ. ಅದಕ್ಕೆ ಅವನನ್ನು ಜಾಲಿ ಗಿಡಗಳ ಕಡೆ ನಿಲ್ಲಿಸಿ, ಮುಳ್ಳಿನೊಳಗೆ ಹೊಕ್ಕ ಚೆಂಡನ್ನು ತರುವ ಕೆಲಸ ಒಪ್ಪಿಸುತ್ತಾರೆ. ಅವನು ಎರಡೂ ತಂಡಕ್ಕೆ ಓಡುತ್ತಾನೆ, ಯಾವ ತಂಡಕ್ಕೂ ಸೇರಿದವನಲ್ಲ. ಕನ್ನಡದಲ್ಲಿ ಇವನಿಗೊಂದು ಹೆಸರು ಬಹಳ ಹಿಂದೆಯೇ ಬಿದ್ದಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಹುಡುಗರ ಆಟದಲ್ಲಿ ಇದು ಒಂದು ಸಂಜೆಯ ಮಾತು. ಮರುವರ್ಷ ಆ ತಮ್ಮನೂ ಬೆಳೆದು ಬ್ಯಾಟು ಹಿಡಿಯುತ್ತಾನೆ. ಆದರೆ ಆಟವನ್ನೇ ವೃತ್ತಿ ಮಾಡಿಕೊಂಡ ದೊಡ್ಡವರಲ್ಲಿಯೂ ಇಂಥವರಿದ್ದಾರೆ. ಅವರು ದೇಶದ ಸಮವಸ್ತ್ರ ತೊಟ್ಟಿರುತ್ತಾರೆ, ತಂಡದ ಚಿತ್ರದಲ್ಲಿ ನಿಂತಿರುತ್ತಾರೆ, ಬೆಳಿಗ್ಗೆ ಎಲ್ಲರೊಂದಿಗೆ ಅಭ್ಯಾಸ ಮಾಡುತ್ತಾರೆ. ಆಟ ಶುರುವಾದಾಗ ಮಾತ್ರ ಬೆಂಚಿನ ಮೇಲೆ ಕೂತಿರುತ್ತಾರೆ. ಅವರಲ್ಲಿ ಕೆಲವರ ಪಾಲಿಗೆ ಆ ಒಂದು ಸಂಜೆ ಐದು ವರ್ಷಕ್ಕೆ, ಕೆಲವರ ಪಾಲಿಗೆ ಇಡೀ ಆಯುಷ್ಯಕ್ಕೆ ಹಬ್ಬಿದೆ.

ಬೆಂಚು ಎಂದೊಡನೆ ನೆನಪಾಗುವುದು ಬಾಸ್ಕೆಟ್‌ಬಾಲ್. ಅಮೆರಿಕದ ಎನ್‌ಬಿಎ ಲೀಗಿನಲ್ಲಿ ಒಂದು ತಂಡ ಋತುವಿನಲ್ಲಿ 15 ಆಟಗಾರರನ್ನು ಇಟ್ಟುಕೊಳ್ಳುತ್ತದೆ. ಅಂಕಣದಲ್ಲಿ ಆಡುವವರು ಐವರು. ಅಂದರೆ ಯಾವ ಗಳಿಗೆಯಲ್ಲಿ ನೋಡಿದರೂ ಆಡುವವರಿಗಿಂತ ಕೂತವರೇ ಹೆಚ್ಚು. ಪಂಜಾಬಿನ ಬಲ್ಲೋಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್ 2015ರಲ್ಲಿ ಈ ಲೀಗಿನ ಆಯ್ಕೆಯಲ್ಲಿ 52ನೆಯವರಾಗಿ ಡಲ್ಲಾಸ್ ತಂಡದ ಪಾಲಾದಾಗ ದೇಶವೆಲ್ಲ ಸಂಭ್ರಮಿಸಿತು. ಭಾರತದಲ್ಲಿ ಹುಟ್ಟಿದವರೊಬ್ಬರು ಅಲ್ಲಿಗೆ ಆಯ್ಕೆಯಾದದ್ದು ಅದೇ ಮೊದಲು. ಆದರೆ ಎನ್‌ಬಿಎ ಪಂದ್ಯದಲ್ಲಿ ಅವರು ಒಂದು ನಿಮಿಷವೂ ಆಡಲಿಲ್ಲ. ಕೆಳಗಿನ ದರ್ಜೆಯ ಲೀಗಿನಲ್ಲಿ ಕೆಲಕಾಲ ಆಡಿ, ಮುಂದೆ ವೃತ್ತಿಪರ ಕುಸ್ತಿಯ ಕಡೆಗೆ ಹೊರಳಿದರು.

ಹಾಗಿದ್ದರೂ ಬಾಸ್ಕೆಟ್‌ಬಾಲ್‌ನ ನಿಯಮ ಕೂತವನ ಬಗ್ಗೆ ಉದಾರವಾಗಿಯೇ ಇದೆ. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಕೂತವನು ಎದ್ದು ಬಂದರೆ ಅವನಿಗೆ ಉಳಿದ ನಾಲ್ವರಷ್ಟೇ ಅಧಿಕಾರ. ಬೆಂಚಿನಿಂದ ಎದ್ದು ಬಂದು ಚೆನ್ನಾಗಿ ಆಡುವವನಿಗಾಗಿ 1982–83ರಿಂದ ಅಲ್ಲಿ ‘ಆರನೆಯ ಆಟಗಾರ’ ಎಂಬ ಪ್ರಶಸ್ತಿಯೇ ಇದೆ. ಕಬಡ್ಡಿಯೂ ನಿರ್ದಯಿಯಲ್ಲ. ಏಳು ಜನ ಆಡುವಾಗ ಐವರು ಹೊರಗಿರುತ್ತಾರೆ, ನಡುವೆ ಬದಲಿಸಿಕೊಳ್ಳಲು ಅವಕಾಶವಿದೆ. ಅದು ಸಾಲದೆಂಬಂತೆ, ಔಟಾದವನೂ ಮತ್ತೆ ಜೀವ ಪಡೆದು ಒಳಗೆ ಬರುತ್ತಾನೆ.

ಕಠಿಣವಾದದ್ದು ಕ್ರಿಕೆಟ್. ಹನ್ನೊಂದು ಜನರ ಪಟ್ಟಿಯನ್ನು ಒಮ್ಮೆ ಬರೆದುಕೊಟ್ಟರೆ ಐದು ದಿನವೂ ಅದೇ ಪಟ್ಟಿ. ಯಾರಿಗಾದರೂ ಪೆಟ್ಟಾದರೆ ಬದಲಿಯಾಗಿ ಬಂದವನು ಫೀಲ್ಡಿಂಗ್ ಮಾಡಬಹುದು, ಅಷ್ಟೆ. ಬೌಲ್ ಮಾಡುವಂತಿಲ್ಲ, ಬ್ಯಾಟ್ ಮಾಡುವಂತಿಲ್ಲ. ವಿಕೆಟ್ ಹಿಂದೆ ನಿಲ್ಲಲು, ಅದೂ ಅಂಪೈರ್ ಒಪ್ಪಿದರೆ, ಅವಕಾಶ ಸಿಕ್ಕಿದ್ದು 2017ರ ನಿಯಮಾವಳಿಯಲ್ಲಿ. ತಲೆಗೆ ಪೆಟ್ಟಾದವನ ಬದಲಿಗೆ ಬಂದವನು ಪೂರ್ತಿ ಆಟಗಾರನಾಗಿ ಆಡಬಹುದೆಂದು ಅಂತರರಾಷ್ಟ್ರೀಯ ಕ್ರಿಕೆಟ್ ಒಪ್ಪಿಕೊಂಡದ್ದು 2019ರ ಆಗಸ್ಟ್‌ನಲ್ಲಿ. ಅದಕ್ಕೆ ಮುಂಚಿನ ನೂರಕ್ಕೂ ಹೆಚ್ಚು ವರ್ಷ ಹನ್ನೆರಡನೆಯವನ ಪಾಲಿಗೆ ಬಂದದ್ದು ನೀರು, ಒಣ ಗ್ಲೌಸು, ಹೊಸ ಬ್ಯಾಟು, ನಾಯಕನ ಗುಟ್ಟಿನ ಸಂದೇಶ. ಬ್ರಾಡ್ಮನ್ ಕೂಡ 1928ರಲ್ಲಿ ತಮ್ಮ ಮೊದಲ ಟೆಸ್ಟಿನ ಬಳಿಕ ಸ್ಥಾನ ಕಳೆದುಕೊಂಡು ಸಿಡ್ನಿಯಲ್ಲಿ ಹನ್ನೆರಡನೆಯವರಾಗಿದ್ದರು ಎಂಬುದನ್ನು ಹೇಳಿ ಇಂಥವರನ್ನು ಸಮಾಧಾನಪಡಿಸುವುದುಂಟು. ಬ್ರಾಡ್ಮನ್ ಕೂತದ್ದು ಒಂದೇ ಪಂದ್ಯ.

ಲೆಕ್ಕದ ಮಾತು ಬರೀ ಗಾದೆಯಲ್ಲ, ಅಕ್ಷರಶಃ ನಿಜ. 1983ರ ನವೆಂಬರ್‌ನಲ್ಲಿ ಅಹಮದಾಬಾದಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಟೆಸ್ಟಿನಲ್ಲಿ ಬೆಂಗಳೂರಿನ ರೋಜರ್ ಬಿನ್ನಿಯವರ ಬದಲಿಗೆ ಗುರುಶರಣ್ ಸಿಂಗ್ ಮೈದಾನಕ್ಕಿಳಿದರು. ಕಪಿಲ್ ದೇವ್ ಒಂದೇ ಇನಿಂಗ್ಸಿನಲ್ಲಿ 83 ರನ್ನಿಗೆ 9 ವಿಕೆಟ್ ಕಿತ್ತ ಪಂದ್ಯವದು. ಅದರಲ್ಲಿ ಗುರುಶರಣ್ ನಾಲ್ಕು ಕ್ಯಾಚ್ ಹಿಡಿದರು. ಟೆಸ್ಟ್ ಪಂದ್ಯದಲ್ಲಿ ಬದಲಿ ಆಟಗಾರನೊಬ್ಬ ನಾಲ್ಕು ಕ್ಯಾಚ್ ಹಿಡಿದದ್ದು ಅದೇ ಮೊದಲು. ಆದರೆ ಆ ನಾಲ್ಕೂ ಅವರ ಟೆಸ್ಟ್ ಖಾತೆಗೆ ಸೇರಿಲ್ಲ. ಬದಲಿ ಆಟಗಾರ ಹಿಡಿದ ಕ್ಯಾಚನ್ನು ಅವನ ಹೆಸರಿಗೆ ಬರೆಯುವ ಪದ್ಧತಿ ಕ್ರಿಕೆಟ್ಟಿನಲ್ಲಿಲ್ಲ. ಔಟಾದವನ ಹೆಸರಿದೆ, ಬೌಲ್ ಮಾಡಿದವನ ಹೆಸರಿದೆ, ಹಿಡಿದವನು ‘ಬದಲಿ’. ಗುರುಶರಣ್ ಅವರಿಗೆ ತಮ್ಮದೇ ಹೆಸರಿನಲ್ಲಿ ಆಡಲು ಸಿಕ್ಕ ಏಕೈಕ ಟೆಸ್ಟ್ 1990ರಲ್ಲಿ ಬಂತು.

ಇನ್ನು 1971ಕ್ಕೆ ಹೋಗಬೇಕು. ಇಲ್ಲಿರುವ ಹಿರಿಯರಲ್ಲಿ ಕೆಲವರಿಗೆ ಆ ಆಗಸ್ಟ್ ತಿಂಗಳ ರೇಡಿಯೊ ಸುದ್ದಿ ನೆನಪಿದ್ದೀತು. ಆಗಸ್ಟ್ 24ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಭಾರತ ಇಂಗ್ಲೆಂಡನ್ನು ನಾಲ್ಕು ವಿಕೆಟ್‌ಗಳಿಂದ ಸೋಲಿಸಿತು. ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಅದು, ಸರಣಿಯೂ ಅದರೊಂದಿಗೇ ಬಂತು. ಬಿ.ಎಸ್. ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದರು. 173ರ ಗುರಿ ಬೆನ್ನಟ್ಟುವಾಗ ಜಿ.ಆರ್. ವಿಶ್ವನಾಥ್ 33 ರನ್ನು ಗಳಿಸಿದರು. ಆಗಿನ್ನೂ ಮೈಸೂರು ರಾಜ್ಯವೆಂದೇ ಕರೆಸಿಕೊಳ್ಳುತ್ತಿದ್ದ ಈ ನಾಡಿಗೆ ಇದಕ್ಕಿಂತ ಹೆಮ್ಮೆಯ ದಿನ ಬೇಕೆ?

ಆದರೆ ಆ ಪ್ರವಾಸಕ್ಕೆ ಮೈಸೂರಿನಿಂದ ಹೋದವರು ಇಬ್ಬರಲ್ಲ, ನಾಲ್ವರು. ಉಳಿದಿಬ್ಬರಾದ ಎರಪಳ್ಳಿ ಪ್ರಸನ್ನ ಮತ್ತು ಸೈಯದ್ ಕಿರ್ಮಾನಿ ಓವಲ್‌ನಲ್ಲಿ ಹೊರಗೆ ಕೂತಿದ್ದರು. ಓವಲ್‌ನಲ್ಲಿ ಮಾತ್ರವಲ್ಲ, ಆ ಸರಣಿಯ ಮೂರೂ ಟೆಸ್ಟ್‌ಗಳಲ್ಲಿ.

ಪ್ರಸನ್ನರದು ಆಗ 31ರ ವಯಸ್ಸು. ಇಪ್ಪತ್ತೇ ಟೆಸ್ಟ್‌ಗಳಲ್ಲಿ ನೂರು ವಿಕೆಟ್ ಪೂರೈಸಿದವರು. ಆ ವೇಗವನ್ನು ಭಾರತದ ಇನ್ನೊಬ್ಬ ಬೌಲರ್ ಮೀರಲು 2013ರವರೆಗೆ ಕಾಯಬೇಕಾಯಿತು. ಇಂಥವರನ್ನು ಕೂರಿಸಿದ್ದೇಕೆ? ಬೇಡಿ ಎಡಗೈ ಸ್ಪಿನ್ನರ್, ಚಂದ್ರಶೇಖರ್ ಲೆಗ್ ಸ್ಪಿನ್ನರ್. ಉಳಿದದ್ದು ಆಫ್ ಸ್ಪಿನ್ನರನಿಗೆ ಒಂದು ಜಾಗ. ವೆಂಕಟರಾಘವನ್ ಬ್ಯಾಟು ಹಿಡಿಯಬಲ್ಲರು, ಬ್ಯಾಟ್ಸ್‌ಮನ್ನಿನ ಮಗ್ಗುಲಲ್ಲಿ ನಿಂತು ಕ್ಯಾಚ್ ಹಿಡಿಯಬಲ್ಲರು, ಮೇಲಾಗಿ ಆ ಪ್ರವಾಸದ ಉಪನಾಯಕರು. ನಾಯಕ ವಾಡೇಕರ್ ಅವರ ಲೆಕ್ಕ ತಪ್ಪೆಂದು ಹೇಳುವುದು ಕಷ್ಟ, ತಂಡ ಗೆದ್ದಿದೆ. ಆದರೆ ಬೌಲಿಂಗ್ ಒಂದನ್ನೇ ತೂಗಿದರೆ ಪ್ರಸನ್ನರನ್ನು ಬಿಟ್ಟದ್ದು ಸರಿಯೆಂದು ಹೇಳುವುದು ಇನ್ನೂ ಕಷ್ಟ. ನಾಲ್ಕು ಮಹಾ ಸ್ಪಿನ್ನರುಗಳ ಯುಗವೆಂದು ಆ ಕಾಲವನ್ನು ಹೊಗಳುತ್ತೇವಲ್ಲ, ಆ ನಾಲ್ವರೂ ಒಟ್ಟಿಗೆ ಆಡಿದ್ದು ಒಂದೇ ಒಂದು ಟೆಸ್ಟಿನಲ್ಲಿ, 1967ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ. ಉಳಿದಂತೆ ಪ್ರತಿ ಸಲವೂ ಒಬ್ಬರಾದರೂ ಹೊರಗೆ. ಮಹಾಯುಗಕ್ಕೂ ಒಂದು ಬೆಂಚು ಇತ್ತು.

ಆ ಬೆಂಚಿನ ಹಿಂದೆ ಇನ್ನೊಂದು ಸಾಲು. ಹರಿಯಾಣದ ರಾಜಿಂದರ್ ಗೋಯಲ್ ರಣಜಿಯಲ್ಲಿ 637 ವಿಕೆಟ್ ಕಿತ್ತವರು. ಆ ಟೂರ್ನಿಯಲ್ಲಿ ಅವರಷ್ಟು ವಿಕೆಟ್ ಪಡೆದವರು ಬೇರೆ ಇಲ್ಲ. ಬೇಡಿಯವರದೇ ಶೈಲಿಯ ಬೌಲರ್, ಬೇಡಿಯವರದೇ ಕಾಲ. 1974ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಮೊಟ್ಟಮೊದಲ ಟೆಸ್ಟಿಗೆ ಶಿಸ್ತಿನ ಕಾರಣದಿಂದ ಬೇಡಿಯವರನ್ನು ಕೈಬಿಟ್ಟಾಗ ಗೋಯಲ್ ಅವರಿಗೆ ಕರೆ ಬಂತು. ಕೊನೆಗೆ ಹನ್ನೊಂದರಲ್ಲಿ ಹೆಸರಿರಲಿಲ್ಲ. ಆಫ್ ಸ್ಪಿನ್ನರುಗಳಾದ ಪ್ರಸನ್ನ, ವೆಂಕಟರಾಘವನ್ ಇಬ್ಬರೂ ಆಡಿದರು. ಮುಂದೆಯೂ ಗೋಯಲ್ ಟೆಸ್ಟ್ ಆಡಲಿಲ್ಲ. ಮೂರು ವರ್ಷದ ಹಿಂದೆ ತಾವು ಕೂತ ಜಾಗದಲ್ಲಿ ಇನ್ನೊಬ್ಬ ಮಹಾ ಬೌಲರ್ ಕೂತದ್ದನ್ನು ಪ್ರಸನ್ನ ಬೆಂಗಳೂರಿನಲ್ಲಿ ಮೈದಾನದಿಂದ ನೋಡಿದರು.

1971ರ ತಂಡದಲ್ಲಿ ರಾಯಚೂರಿಗೆ ಹತ್ತಿರದ ಇನ್ನೊಬ್ಬರಿದ್ದರು. ಈ ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತಲ್ಲ, ಆ ಹೈದರಾಬಾದಿನ ವೇಗದ ಬೌಲರ್ ದೇವರಾಜ್ ಗೋವಿಂದರಾಜ್. ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸಕ್ಕೂ ಹೋದರು, ಇಂಗ್ಲೆಂಡ್ ಪ್ರವಾಸಕ್ಕೂ ಹೋದರು. ಭಾರತೀಯ ಕ್ರಿಕೆಟ್ಟಿನ ಅತ್ಯಂತ ದೊಡ್ಡ ವರ್ಷದ ಎಂಟು ಟೆಸ್ಟ್‌ಗಳನ್ನೂ ಹತ್ತಿರದಿಂದ ಕಂಡವರು. ಒಂದು ಟೆಸ್ಟನ್ನೂ ಆಡಲಿಲ್ಲ, ಆಮೇಲೂ ಆಡಲಿಲ್ಲ. ಸ್ಪಿನ್ನರುಗಳೇ ಎಲ್ಲವನ್ನೂ ಮಾಡುತ್ತಿದ್ದ ತಂಡದಲ್ಲಿ ಹೊಸ ಚೆಂಡಿನ ಕೆಲಸ ಹೊಳಪು ತೆಗೆಯುವುದಷ್ಟೇ ಆಗಿತ್ತು. ಆ ಕೆಲಸಕ್ಕೆ ಆಬಿದ್ ಅಲಿ, ಸೋಲ್ಕರ್ ಸಾಕಾಗಿದ್ದರು.

ಕಿರ್ಮಾನಿಯವರ ಕತೆ ಬೇರೆ ರೀತಿಯದು. ಟೆಸ್ಟಿನಲ್ಲಿ ವಿಕೆಟ್ ಹಿಂದೆ ನಿಂತವರು ಫಾರೂಕ್ ಇಂಜಿನಿಯರ್. ಅವರು ಆಗ ಲ್ಯಾಂಕಾಶೈರ್ ಕೌಂಟಿಯ ನೌಕರಿಯಲ್ಲಿದ್ದುದರಿಂದ ಟೆಸ್ಟ್‌ಗಳಿಗೆ ಮಾತ್ರ ಬಂದು ಹೋಗುತ್ತಿದ್ದರು. ಉಳಿದ ಪಂದ್ಯಗಳಲ್ಲಿ ಆ ಕೆಲಸ ಹೈದರಾಬಾದಿನ ಕೃಷ್ಣಮೂರ್ತಿ ಮತ್ತು ಕಿರ್ಮಾನಿಯವರದು. ಆ ಕಾಲದ ಪ್ರವಾಸವೆಂದರೆ ತಿಂಗಳುಗಟ್ಟಲೆ ಊರೂರು ಸುತ್ತಿ ಒಂದೊಂದು ಕೌಂಟಿಯ ಎದುರು ಮೂರು ದಿನದ ಪಂದ್ಯ. ಬೇಡಿ, ಪ್ರಸನ್ನ, ಚಂದ್ರಶೇಖರ್ ಅವರ ಬೌಲಿಂಗಿಗೆ ಒದ್ದೆ ನೆಲದಲ್ಲಿ, ಒಣ ನೆಲದಲ್ಲಿ, ಯಾರೂ ನೋಡದ ಮಂಗಳವಾರದ ಮಧ್ಯಾಹ್ನಗಳಲ್ಲಿ ಕೈಯೊಡ್ಡುವ ಅವಕಾಶ ಮೀಸಲು ಕೀಪರನಿಗೆ ಸಿಗುತ್ತಿತ್ತು. ಚಂದ್ರಶೇಖರರ ಗೂಗ್ಲಿಯನ್ನು ಬ್ಯಾಟ್ಸ್‌ಮನ್ ಗುರುತಿಸದಿದ್ದರೆ ಅವನೊಬ್ಬ ಔಟಾಗುತ್ತಾನೆ. ಕೀಪರ್ ಗುರುತಿಸದಿದ್ದರೆ ಚೆಂಡು ನಾಲ್ಕು ಬೈ ಓಡುತ್ತದೆ. ಅದನ್ನು ನೆಟ್‌ನಲ್ಲಿ ಕಲಿಯಲಾಗದು.

1974ರಲ್ಲಿ ಕಿರ್ಮಾನಿ ಮತ್ತೆ ಇಂಗ್ಲೆಂಡಿಗೆ ಹೋದರು, ಮತ್ತೆ ಕೂತರು. ಆ ಸಲ ತಂಡ ಮೂರಕ್ಕೆ ಮೂರೂ ಟೆಸ್ಟ್ ಸೋತಿತು, ಲಾರ್ಡ್ಸ್‌ನಲ್ಲಿ 42ಕ್ಕೆ ಆಲೌಟಾಯಿತು. ಗೆದ್ದಾಗ ಹೊರಗಿದ್ದವನಿಗೆ ಗೆಲುವಿನಲ್ಲಿ ಪಾಲು ಕಡಿಮೆ. ಸೋತಾಗ ಹೊರಗಿದ್ದವನು ಮಾತ್ರ ಅದೇ ಬಸ್ಸಿನಲ್ಲಿ, ಅದೇ ಮೌನದಲ್ಲಿ ಕೂತು ಹೋಟೆಲಿಗೆ ಮರಳಬೇಕು.

ಅಂತೂ ದಿನ ಬಂತು. 1976ರ ಜನವರಿ 24, ನ್ಯೂಜಿಲೆಂಡಿನ ಆಕ್ಲೆಂಡ್. ಕಿರ್ಮಾನಿಯವರ ಮೊದಲ ಟೆಸ್ಟ್. ಮೊದಲ ಇನಿಂಗ್ಸಿನಲ್ಲಿ ಚಂದ್ರಶೇಖರ್ 6 ವಿಕೆಟ್. ಎರಡನೆಯದರಲ್ಲಿ ಪ್ರಸನ್ನ 76 ರನ್ನಿಗೆ 8 ವಿಕೆಟ್, ಅವರ ಜೀವಮಾನದ ಅತ್ಯುತ್ತಮ ಸಾಧನೆ. ಭಾರತ ಎಂಟು ವಿಕೆಟ್‌ಗಳಿಂದ ಗೆದ್ದಿತು. ಓವಲ್‌ನಲ್ಲಿ ಒಟ್ಟಿಗೆ ಹೊರಗೆ ಕೂತಿದ್ದ ಇಬ್ಬರು ಇಲ್ಲಿ ಒಬ್ಬರು ಚೆಂಡಿನ ಆ ತುದಿಗೆ, ಇನ್ನೊಬ್ಬರು ಈ ತುದಿಗೆ. ಮುಂದಿನ ಟೆಸ್ಟಿನಲ್ಲಿ, ಕ್ರೈಸ್ಟ್‌ಚರ್ಚ್‌ನಲ್ಲಿ, ಕಿರ್ಮಾನಿ ಒಂದೇ ಇನಿಂಗ್ಸಿನಲ್ಲಿ ಆರು ಜನರನ್ನು ಔಟ್ ಮಾಡಿ ಆಗಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. ಎರಡನೆಯದೇ ಟೆಸ್ಟಿನಲ್ಲಿ ಇದು ಹೇಗಾಯಿತೆಂದು ಆಶ್ಚರ್ಯಪಟ್ಟವರು ಆ ಕೌಂಟಿ ಪಂದ್ಯಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೊನೆಗೆ ಅವರು ಆಡಿದ್ದು 88 ಟೆಸ್ಟ್, ಔಟ್ ಮಾಡಿದ್ದು 198 ಮಂದಿಯನ್ನು.

1983ರ ವಿಶ್ವಕಪ್ಪಿನ ಹೊತ್ತಿಗೆ ಕಿರ್ಮಾನಿ ತಂಡದ ಆಧಾರಸ್ತಂಭ. ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ 175 ಹೊಡೆದ ದಿನ ಇನ್ನೊಂದು ತುದಿಯಲ್ಲಿ 24 ರನ್ನಿನೊಂದಿಗೆ ಕೊನೆಯವರೆಗೆ ನಿಂತವರು ಅವರೇ. ಆ ತಂಡದಲ್ಲಿ 14 ಜನ. ಹದಿಮೂವರು ಒಂದಲ್ಲ ಒಂದು ಪಂದ್ಯ ಆಡಿದರು. ಉಳಿದೊಬ್ಬರು ಸುನಿಲ್ ವಾಲ್ಸನ್, ಸಿಕಂದರಾಬಾದಿನಲ್ಲಿ ಹುಟ್ಟಿದ ಎಡಗೈ ಮಧ್ಯಮ ವೇಗದ ಬೌಲರ್. ಅವರು ಮುಂದೆ ಹೇಳಿಕೊಂಡಂತೆ, ವೆಸ್ಟ್ ಇಂಡೀಸ್ ವಿರುದ್ಧದ ಎರಡನೆಯ ಲೀಗ್ ಪಂದ್ಯಕ್ಕೆ ಮುನ್ನ ರೋಜರ್ ಬಿನ್ನಿಯವರ ದೇಹಸ್ಥಿತಿಯ ಪರೀಕ್ಷೆ ಇತ್ತು. ಬಿನ್ನಿ ಅದರಲ್ಲಿ ಅನುತ್ತೀರ್ಣರಾಗಿದ್ದರೆ ವಾಲ್ಸನ್ ಆಡುತ್ತಿದ್ದರು. ಬಿನ್ನಿ ಉತ್ತೀರ್ಣರಾದರು. ಆ ಪಂದ್ಯ ನಡೆದದ್ದೂ ಓವಲ್‌ನಲ್ಲಿಯೇ. ಬಿನ್ನಿ ಆ ವಿಶ್ವಕಪ್ಪಿನಲ್ಲಿ 18 ವಿಕೆಟ್ ಪಡೆದು ಎಲ್ಲ ತಂಡಗಳ ಬೌಲರುಗಳಿಗಿಂತ ಮುಂದೆ ನಿಂತರು. ಆದ್ದರಿಂದ ಇಲ್ಲಿ ಅನ್ಯಾಯವಾಯಿತೆಂದು ಯಾರೂ ಹೇಳಲಾರರು. ವಾಲ್ಸನ್ ಮಾತ್ರ ಒಂದೂ ಅಂತರರಾಷ್ಟ್ರೀಯ ಪಂದ್ಯವಾಡದೆ ವಿಶ್ವವಿಜೇತರಾದರು. ರಸಪ್ರಶ್ನೆಯಲ್ಲಿ ಅವರ ಹೆಸರು ಕೇಳದ ವರ್ಷವಿಲ್ಲ. ದೇಶೀಯ ಕ್ರಿಕೆಟ್ಟಿನಲ್ಲಿ ಅವರು 200ಕ್ಕೂ ಹೆಚ್ಚು ವಿಕೆಟ್ ಪಡೆದರೆಂಬುದು ಆ ಪ್ರಶ್ನೆಯಲ್ಲಿ ಇರುವುದಿಲ್ಲ.

ಕಾಯುವುದು ಬೇಡವೆಂದು ಎದ್ದು ಹೋದವರೂ ಇದ್ದಾರೆ. ಅವರಲ್ಲೊಬ್ಬರು ರಾಯಚೂರಿನವರೇ. 1971ರ ನವೆಂಬರ್‌ನಲ್ಲಿ ಇಲ್ಲಿ ಹುಟ್ಟಿದ ಯರೇಗೌಡ 1990ರ ದಶಕದಲ್ಲಿ ಬ್ಯಾಟು ಹಿಡಿದಾಗ ಕರ್ನಾಟಕ ತಂಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅದು ನಾಲ್ಕು ವರ್ಷದಲ್ಲಿ ಮೂರು ಸಲ ರಣಜಿ ಗೆದ್ದ ತಂಡ. ಅವರು ರೈಲ್ವೇಸ್ ತಂಡಕ್ಕೆ ಹೋದರು. ಗಂಟೆಗಟ್ಟಲೆ ನಿಂತು ಆಡುವ, ಚೆಂದಕ್ಕಿಂತ ಭರವಸೆಗೆ ಹೆಸರಾದ ಬ್ಯಾಟಿಂಗ್ ಅವರದು. 2001–02ರಲ್ಲಿ ರೈಲ್ವೇಸ್ ರಣಜಿ ಟ್ರೋಫಿ ಗೆದ್ದಾಗ ಅದರ ಮಧ್ಯಮ ಕ್ರಮಾಂಕದ ಬೆನ್ನೆಲುಬು ಅವರಾಗಿದ್ದರು. ಪ್ರಥಮ ದರ್ಜೆಯಲ್ಲಿ ನೂರಕ್ಕೂ ಹೆಚ್ಚು ಪಂದ್ಯ, ಏಳು ಸಾವಿರಕ್ಕೂ ಹೆಚ್ಚು ರನ್ನು. ಕೊನೆಯ ವರ್ಷಗಳಲ್ಲಿ ಕರ್ನಾಟಕಕ್ಕೆ ಮರಳಿ ಆಡಿದರು. ಭಾರತ ತಂಡದ ಕರೆ ಬರಲಿಲ್ಲ. ದ್ರಾವಿಡ್, ತೆಂಡೂಲ್ಕರ್, ಲಕ್ಷ್ಮಣ್, ಗಂಗೂಲಿ ಇದ್ದ ಕಾಲದಲ್ಲಿ ಮಧ್ಯಮ ಕ್ರಮಾಂಕದ ಬ್ಯಾಟ್ಸ್‌ಮನ್ ಆಗುವುದು ಬೇಡಿಯ ಕಾಲದಲ್ಲಿ ಎಡಗೈ ಸ್ಪಿನ್ನರ್ ಆದಂತೆಯೇ. ಆದರೂ ಒಂದು ವ್ಯತ್ಯಾಸ ಗಮನಿಸಬೇಕು: ಯರೇಗೌಡರು ಆಡಿದರು. ದೊಡ್ಡ ತಂಡದ ಬೆಂಚಿಗಿಂತ ಇನ್ನೊಂದು ತಂಡದ ಕ್ರೀಸು ಲೇಸೆಂದು ಅವರ ದಾಖಲೆಯೇ ಹೇಳುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಬೆಂಚಿಗೆ ದುಡ್ಡು ಬಂದಿದೆ. 1983ರಲ್ಲಿ ಗೆದ್ದು ಬಂದವರಿಗೆ ಕೊಡಲು ಮಂಡಳಿಯಲ್ಲಿ ಹಣವಿಲ್ಲದೆ, ಲತಾ ಮಂಗೇಶ್ಕರ್ ದೆಹಲಿಯಲ್ಲಿ ಹಾಡಿ ಕೂಡಿಸಿದ ಹಣದಲ್ಲಿ ತಲಾ ಒಂದು ಲಕ್ಷ ರೂಪಾಯಿ ಹಂಚಲಾಗಿತ್ತು. 2021ರ ಫೆಬ್ರುವರಿಯಲ್ಲಿ ಕರ್ನಾಟಕದ ಕೆ. ಗೌತಮ್ ಅವರನ್ನು ಚೆನ್ನೈ ತಂಡ ಐಪಿಎಲ್ ಹರಾಜಿನಲ್ಲಿ 9.25 ಕೋಟಿ ರೂಪಾಯಿಗೆ ಕೊಂಡಿತು. ಭಾರತಕ್ಕೆ ಆಡಿರದ ಭಾರತೀಯನೊಬ್ಬನಿಗೆ ಆವರೆಗೆ ಅಷ್ಟು ಬೆಲೆ ಬಂದಿರಲಿಲ್ಲ. ಆ ವರ್ಷ ಚೆನ್ನೈ ಪ್ರಶಸ್ತಿ ಗೆದ್ದಿತು. ಗೌತಮ್ ಒಂದು ಪಂದ್ಯವನ್ನೂ ಆಡಲಿಲ್ಲ. ದುಡ್ಡು ಬಂದಿತಲ್ಲ, ಇನ್ನೇನು ದುಃಖ ಎಂದು ಕೇಳುವವರಿದ್ದಾರೆ. ಆಫ್ ಸ್ಪಿನ್ನರನ ಬೆರಳು ದುಡ್ಡು ಎಣಿಸಿದರೆ ಹದವಾಗುವುದಿಲ್ಲ.

ಟೆಸ್ಟಿನಲ್ಲಿಯೂ ಕೂತವನಿಗೆ ಈಗ ಬೆಲೆ ಕಟ್ಟಲಾಗಿದೆ. 2024ರ ಮಾರ್ಚ್‌ನಲ್ಲಿ ಕ್ರಿಕೆಟ್ ಮಂಡಳಿ ಪ್ರಕಟಿಸಿದ ಪ್ರೋತ್ಸಾಹ ಯೋಜನೆಯಂತೆ, ಋತುವಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಟೆಸ್ಟ್‌ಗಳಲ್ಲಿ ಹನ್ನೊಂದರೊಳಗಿದ್ದವನಿಗೆ ಪಂದ್ಯಕ್ಕೆ 45 ಲಕ್ಷ, ತಂಡದಲ್ಲಿದ್ದೂ ಆಡದವನಿಗೆ ಸರಿಯಾಗಿ ಅರ್ಧ. ಲೆಕ್ಕಕ್ಕಿಲ್ಲದವನು ಅರ್ಧ ಲೆಕ್ಕಕ್ಕೆ ಬಂದಿದ್ದಾನೆ.

ಆದರೆ ದುಡ್ಡು ಬರುವ ಹೊತ್ತಿಗೆ ಇನ್ನೊಂದು ಹೋಗಿಬಿಟ್ಟಿತ್ತು. ಕಿರ್ಮಾನಿಯವರನ್ನು ತಯಾರು ಮಾಡಿದ ಆ ಕೌಂಟಿ ಪಂದ್ಯಗಳು ಈಗಿಲ್ಲ. 2018ರಲ್ಲಿ ಭಾರತ ಐದು ಟೆಸ್ಟ್ ಆಡಲು ಇಂಗ್ಲೆಂಡಿಗೆ ಹೋದಾಗ ಸರಣಿಗೆ ಮುನ್ನ ಇದ್ದದ್ದು ಎಸೆಕ್ಸ್ ವಿರುದ್ಧ ಒಂದೇ ಅಭ್ಯಾಸ ಪಂದ್ಯ. ಅದನ್ನೂ ನಾಲ್ಕು ದಿನದಿಂದ ಮೂರಕ್ಕೆ ಇಳಿಸಲಾಯಿತು. ಆ ತಂಡದಲ್ಲಿ ಕರ್ನಾಟಕದ ಕರುಣ್ ನಾಯರ್ ಇದ್ದರು. 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಇದೇ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ಹೊಡೆದವರು, ಸೆಹ್ವಾಗ್ ಬಿಟ್ಟರೆ ತ್ರಿಶತಕ ಬಾರಿಸಿದ ಏಕೈಕ ಭಾರತೀಯ. ಅದರ ಮರು ಟೆಸ್ಟಿನಲ್ಲೇ, ಗಾಯದಿಂದ ಚೇತರಿಸಿಕೊಂಡು ರಹಾನೆ ಮರಳಿದ್ದರಿಂದ, ಅವರು ಹೊರಗೆ ಕೂತಿದ್ದರು. 2018ರಲ್ಲಿ ಐದು ಟೆಸ್ಟ್‌ಗಳಲ್ಲಿ ಒಂದೂ ಸಿಗಲಿಲ್ಲ. ಓವಲ್‌ನಲ್ಲಿ ನಡೆದ ಕೊನೆಯ ಟೆಸ್ಟಿಗೆ ಬ್ಯಾಟ್ಸ್‌ಮನ್ ಬೇಕಾದಾಗ ನಡುವೆ ಕರೆಸಿಕೊಂಡ ಹನುಮ ವಿಹಾರಿ ಆಡಿದರು; ಮೊದಲ ದಿನದಿಂದಲೂ ತಂಡದಲ್ಲಿದ್ದ ನಾಯರ್ ಆಡಲಿಲ್ಲ. ವಿಹಾರಿ ಅರ್ಧಶತಕ ಗಳಿಸಿ ಆಯ್ಕೆಯನ್ನು ಸಮರ್ಥಿಸಿದರು, ನಿಜ. ಆದರೆ ಯಾವ ಪಂದ್ಯವನ್ನೂ ಆಡಿಸದೆ ವಾರಗಟ್ಟಲೆ ಕೂರಿಸಿಕೊಂಡವನು ಲಯದಲ್ಲಿಲ್ಲ ಎನ್ನುವುದು, ಎಣ್ಣೆ ಹಾಕದೆ ಇಟ್ಟ ದೀಪ ಉರಿಯಲಿಲ್ಲ ಎಂದಂತೆ.

ಇದನ್ನು ಕಂಡು ದಾರಿ ಹುಡುಕಿದವರು ರಾಹುಲ್ ದ್ರಾವಿಡ್. ತಾರುಣ್ಯದಲ್ಲಿ ತಾವೂ ಇಂಥ ಪ್ರವಾಸದಲ್ಲಿ ಆಡದೆ ಕೂತವರು. ಭಾರತ ‘ಎ’ ತಂಡದ ತರಬೇತುದಾರರಾದಾಗ, ತಮ್ಮೊಂದಿಗೆ ಪ್ರವಾಸಕ್ಕೆ ಬಂದ ಯಾವ ಹುಡುಗನೂ ಪಂದ್ಯವಾಡದೆ ಮನೆಗೆ ಮರಳಬಾರದೆಂಬ ಕಟ್ಟಳೆ ಮಾಡಿಕೊಂಡರು. 2021ರ ಜುಲೈನಲ್ಲಿ ಅವರ ತರಬೇತಿಯಲ್ಲಿ ತಂಡ ಶ್ರೀಲಂಕಾಗೆ ಹೋದಾಗ ಸರಣಿ ಗೆದ್ದಾಗಿದ್ದ ಕೊನೆಯ ಏಕದಿನ ಪಂದ್ಯದಲ್ಲಿ ಒಂದೇ ದಿನ ಐವರು ಮೊದಲ ಸಲ ಭಾರತಕ್ಕೆ ಆಡಿದರು. ಅವರಲ್ಲೊಬ್ಬರು ಕೆ. ಗೌತಮ್. 9.25 ಕೋಟಿಯ ಬೆಂಚಿಗೂ ಕೊಲಂಬೊದ ಆ ಒಂದು ಪಂದ್ಯಕ್ಕೂ ನಡುವೆ ಯಾವುದು ಬೇಕೆಂದು ಅವರನ್ನು ಕೇಳುವ ಅಗತ್ಯವಿಲ್ಲ.

ಕರುಣ್ ನಾಯರ್ ಕರ್ನಾಟಕ ತಂಡದಲ್ಲಿಯೂ ಜಾಗ ಕಳೆದುಕೊಂಡರು. ಯರೇಗೌಡರ ಹಾಗೆ ಅವರೂ ಬೇರೆ ತಂಡ ಹುಡುಕಿಕೊಂಡು 2023ರಲ್ಲಿ ವಿದರ್ಭಕ್ಕೆ ಹೋದರು. 2024–25ರಲ್ಲಿ ವಿದರ್ಭ ರಣಜಿ ಟ್ರೋಫಿ ಗೆದ್ದಾಗ ಫೈನಲ್‌ನಲ್ಲಿ ಶತಕ ಬಾರಿಸಿದರು. 2025ರ ಜೂನ್‌ನಲ್ಲಿ, ಎಂಟು ವರ್ಷಗಳ ಬಳಿಕ, ಲೀಡ್ಸ್‌ನಲ್ಲಿ ಮತ್ತೆ ಟೆಸ್ಟ್ ಆಡಿದರು. ಮೂರು ಟೆಸ್ಟ್‌ಗಳಲ್ಲಿ ಆಡಿ ನಾಲ್ಕನೆಯದಕ್ಕೆ ಮತ್ತೆ ಹೊರಗೆ ಕೂತರು. ಐದನೆಯದು ಓವಲ್‌ನಲ್ಲಿ. 2018ರಲ್ಲಿ ಹೊರಗೆ ಕೂತು ನೋಡಿದ ಆ ಮೈದಾನದಲ್ಲಿ, ಉಳಿದವರು ತಡಕಾಡುತ್ತಿದ್ದಾಗ, 57 ರನ್ನು ಗಳಿಸಿದರು. ಭಾರತ ಆರು ರನ್ನುಗಳಿಂದ ಗೆದ್ದಿತು. ಮುಂದಿನ ಸರಣಿಯ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಆ ಅಕ್ಟೋಬರ್‌ನಲ್ಲಿ ಕರ್ನಾಟಕಕ್ಕೆ ಮರಳಿ, ಶಿವಮೊಗ್ಗದಲ್ಲಿ ಗೋವಾ ವಿರುದ್ಧ ಔಟಾಗದೆ 174 ಹೊಡೆದರು.